ಬೆಲ್ಲ ಕುಡಿದ ನೆಲ

ನನಗೆ ಮರೆವು ಹತ್ತಿದೆ ಎಂದು ಗ್ರೂಪಿನಲ್ಲಿ ಹಾಕಿದವರು ಯಾರು ಎಂದು ನನಗೆ ಗೊತ್ತು. ಹೆಸರು ಹೇಳುವುದಿಲ್ಲ, ಮಾನ ಉಳಿಸಿಕೊಳ್ಳಿ. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರೆ ತಡವರಿಸುತ್ತೇನೆ, ನಿಜ. ನೆನಪಿಡುವಂಥದ್ದನ್ನು ತಟ್ಟೆಗೆ ಹಾಕಿದ್ದರೆ ತಾನೇ. ಆದರೆ ನಮ್ಮ ಮದ್ದೂರು ಸೀಮೆಯ ಕೊಪ್ಪದಲ್ಲಿ ಯಾರ ಮನೆಯ ಕಂಬ ಯಾವ ಮರದ್ದು, ಯಾರ ಪಡಸಾಲೆ ಎಲ್ಲಿ ಬಿರುಕು ಬಿಟ್ಟಿದೆ ಎಂದು ಕೇಳಿ ನೋಡಿ. ನಿಮ್ಮಲ್ಲಿ ಅರ್ಧ ಜನಕ್ಕೆ ಅಜ್ಜನ ಅಪ್ಪನ ಹೆಸರು ಹೇಳಲು ಬರುವುದಿಲ್ಲ, ನನ್ನ ನೆನಪನ್ನು ಅಳೆಯಲು ಬರುತ್ತೀರಿ. ಬಾಯಿ ಮುಚ್ಚಿಕೊಂಡು ಕೇಳಿ. ನಡುವೆ ಮಾತು ಕಡಿದರೆ ಫೋನಿನ ಮೇಲೆ ಒತ್ತಿದ ಬೆರಳು ಜಾರಿತು ಎಂದುಕೊಳ್ಳಿ, ಕಥೆ ಜಾರಿತು ಎಂದಲ್ಲ.

ಇದು ಮರಿತಾಯಮ್ಮನ ಮನೆಯ ನೆಲದ ಕಥೆ. ಅವಳ ಬಾಯಿಂದಲೇ ಕೇಳಿದ್ದು, ಹಾಗಾಗಿ ಅವಳ ಮನಸ್ಸಿನೊಳಗೆ ಏನಿತ್ತು ಎಂದು ನಿಮಗೆ ಹೇಗೆ ಗೊತ್ತು ಎಂದು ಕೇಳಬೇಡಿ.

ಮರಿತಾಯಮ್ಮನ ಮಾವ ಚಿಕ್ಕಬೋರಯ್ಯ ಮೀಸೆ ಮೂಡುವ ವಯಸ್ಸಿನಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸಕ್ಕೆ ಹೋಗಿ ಗಾರೆ ಕಲಿತು ಬಂದವನು. ಗಾರೆ ಎಂದರೆ ಈಗಿನ ಸಿಮೆಂಟಲ್ಲ. ಅರಳಿಸಿದ ಸುಣ್ಣ, ಮರಳು, ಇಟ್ಟಿಗೆ ಪುಡಿ, ಅದನ್ನು ಕಲೆಸಲು ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು. ಊರಿಗೆ ಬಂದವನು ಸುತ್ತಲಿನ ದೊಡ್ಡ ಮನೆಗಳಿಗೆಲ್ಲ ಗಾರೆ ನೆಲ ಹಾಕಿದ. ನೆಲ ಹಸಿಯಿರುವ ತನಕ ಅದರ ಮೇಲೆ ಮಂಡಿಯೂರಿ ಕೂರಲು ಅವನಿಗೆ ಅಡ್ಡಿಯಿರಲಿಲ್ಲ. ಒಣಗಿದ ದಿನದಿಂದ ಅವನ ಜಾಗ ಹೊಸ್ತಿಲಾಚೆ. ಹಾಗೆ ಎಷ್ಟೋ ವರ್ಷ ಕಳೆದ ಮೇಲೆ ಒಂದು ಸಂಜೆ ಗಾರೆ ಮೆತ್ತುವ ಕರಣೆ ತೊಳೆದಿಟ್ಟು, ಒಣಗಿದ ಮೇಲೂ ನಾನು ಮಲಗಬಹುದಾದ ಒಂದು ನೆಲ ಬೇಕು ಎಂದ. ತನ್ನ ಬೀದಿಯಲ್ಲೇ ಒಂದು ತೊಟ್ಟಿ ಮನೆ ಕಟ್ಟಿದ. ದೊಡ್ಡದೇನಲ್ಲ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಪಡಸಾಲೆ, ಹಲಸಿನ ಕಂಬಗಳು, ಮೇಲೆ ನಾಡಹೆಂಚು. ಮುಂಬಾಗಿಲು ಮಾತ್ರ ತೀರ ತಗ್ಗು. ಮರ ಸಾಲದೆ ಹೋಯಿತೇ ಎಂದು ಯಾರೋ ಕೇಳಿದ್ದಕ್ಕೆ, "ಮರ ಬೇಕಾದಷ್ಟದೆ. ನಮ್ಮನೆಗೆ ಬರೋರೂ ಒಂದ್ಸಲ ಬಗ್ಲಿ ಬುಡು" ಎಂದಿದ್ದನಂತೆ.

ಆ ಮನೆಯ ಪಡುವಣ ಪಡಸಾಲೆಯಲ್ಲಿ, ಮೂಲೆಯ ಕಂಬದ ಪಕ್ಕ, ಮರಿತಾಯಮ್ಮ ಮಧ್ಯಾಹ್ನ ಮುದ್ದೆ ಉಂಡು ಮಲಗುವ ಜಾಗ. ಚಾಪೆ ಹಾಸುತ್ತಿರಲಿಲ್ಲ. ಕೆಮ್ಮಣ್ಣು ಬಣ್ಣದ ಗಾರೆ, ಎಷ್ಟೋ ಜನರ ಬೆನ್ನು ತಾಗಿ ತಾಗಿ ಹುಣಿಸೆ ಬೀಜದ ಹಾಗೆ ನುಣುಪಾಗಿತ್ತು. ಬೇಸಗೆಯಲ್ಲಿ ಹೊಳೆಯ ಕಲ್ಲಿನಷ್ಟು ತಂಪು. ಅವಳು ಕಣ್ಣು ಮುಚ್ಚಿ, ಅಂಗಳದ ಬಿಸಿಲು ರೆಪ್ಪೆಯ ಮೇಲೆ ಕೆಂಪಗೆ ಆಡುತ್ತಿರುವಾಗ, ಗಂಡ ಮಹದೇವಯ್ಯ ಬರುತ್ತಿದ್ದ. ಸತ್ತು ವರ್ಷಗಳಾದವನು. ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದ. ದೊಡ್ಡ ಮಾತೇನಿಲ್ಲ. ನಾಲೆಗೆ ನೀರು ಬಿಟ್ಟರಾ ಎನ್ನುವನು. ಕಂದು ಹಸು ಈದಿತಾ ಎನ್ನುವನು. ಆ ಹಸು ಇವನಿಗಿಂತ ಮೊದಲೇ ಸತ್ತಿತ್ತು, ಆದರೂ ಅವಳು ಈಯ್ತು ಎನ್ನುವಳು, ಅವನು ಸಮಾಧಾನವಾಗಿ ಎದ್ದು ಹೋಗುವನು. ಅವನು ಎದ್ದ ಕಡೆ ನೆಲ ಬೆಚ್ಚಗಿರುತ್ತಿತ್ತು ಎಂದು ಅವಳು ಹೇಳುತ್ತಾಳೆ. ನಗಬೇಡಿ.

ಬೇರೆ ಎಲ್ಲಿ ಮಲಗಿದರೂ ಅವನು ಬರುತ್ತಿರಲಿಲ್ಲ. ಮಳವಳ್ಳಿಯ ಮಗಳ ಮನೆಯಲ್ಲಿ ಬಾಣಂತನಕ್ಕೆಂದು ತಿಂಗಳುಗಟ್ಟಲೆ ಇದ್ದಳು. ಅಲ್ಲಿ ಹಾಲಿನಂತೆ ಹೊಳೆಯುವ ಟೈಲ್ಸು. ದಿನಾ ಮಧ್ಯಾಹ್ನ ಮಲಗಿದಳು. ಬೆನ್ನು ನೋವು ಬಂತು, ಗಂಡ ಬರಲಿಲ್ಲ.

ಈ ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಗನಿಗಂತೂ ಇಲ್ಲವೇ ಇಲ್ಲ.

ಮಗ ಪ್ರಸನ್ನ ಮಂಡ್ಯದಲ್ಲಿ ಬ್ಯಾಂಕಿನ ಕೆಲಸದವನು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಸೊಸೆ ನಾಗಶ್ರೀ ಮದ್ದೂರಿನ ಕಡೆ ಒಂದು ಶಾಲೆಯಲ್ಲಿ ಟೀಚರು. ಮಕ್ಕಳು ದೊಡ್ಡವರಾದರು, ಮನೆ ಸಾಲದು, ಸೋರುತ್ತದೆ, ರಿಪೇರಿ ಮಾಡಿಸೋಣ ಎಂದು ಇಬ್ಬರೂ ಹೊರಟರು. ಕೆಡವಿ ಮೋಲ್ಡಿನ ಮನೆ ಕಟ್ಟಿಸು ಎಂದವರು ಬೇಕಾದಷ್ಟು ಜನ. ನಾಗಶ್ರೀ ಒಪ್ಪಲಿಲ್ಲ. ಅಜ್ಜ ಕಟ್ಟಿದ್ದು ಕಂಡ ಹಾಗೇ ಕಾಣಬೇಕು, ಒಳಗಿನ ಅನುಕೂಲ ಮಾತ್ರ ನಮ್ಮ ಕಾಲದ್ದಾಗಬೇಕು ಎಂದು ಪಟ್ಟು ಹಿಡಿದಳು. ಹಾಗೇ ನಡೆಯಿತು. ಒಡೆದ ಹೆಂಚಿಗೆ ಬದಲು ಮಳವಳ್ಳಿಯಲ್ಲಿ ಕೆಡವಿದ ಒಂದು ಹಳೇ ಮನೆಯಿಂದ ಅದೇ ಹೆಂಚು ತಂದರು. ಕಂಬಗಳಿಗೆ ಹತ್ತಿದ್ದ ಪೇಂಟು ಕೆರೆದು ಎಣ್ಣೆ ಕುಡಿಸಿದರು. ಕರೆಂಟಿನ ವೈರು ತೊಲೆಯ ಹಿಂದೆ ಅಡಗಿಕೊಂಡಿತು. ಹಿತ್ತಲ ಕಡೆಯ ಕೋಣೆ ಬಚ್ಚಲಾಯಿತು, ಅಡುಗೆಮನೆಗೆ ನಿಂತು ಬೇಯಿಸುವ ಕಟ್ಟೆ ಬಂತು. ತಗ್ಗು ಬಾಗಿಲನ್ನು ಎತ್ತರಿಸೋಣ ಎಂದು ಮೇಸ್ತ್ರಿ ಹೇಳಿದ ದಿನವೇ ನಾಗಶ್ರೀ ಅದಕ್ಕೆ ತಲೆ ಬಡಿಸಿಕೊಂಡಳು, ಹಣೆ ಉಜ್ಜಿಕೊಳ್ಳುತ್ತಲೇ ಬೇಡ ಎಂದಳು.

ಉಳಿದದ್ದು ಪಡುವಣ ಪಡಸಾಲೆಯ ನೆಲ. ಈಚಿನ ವರ್ಷಗಳಲ್ಲಿ ನಾಲೆಯ ನೀರು ಜಿನುಗಿ ಜಿನುಗಿ ಆ ಕಡೆಯ ಭೂಮಿ ಚೌಳಾಗಿತ್ತು. ಗಾರೆಯ ಮೇಲೆ ಬಿಳಿ ಉಪ್ಪು ಹೂಬಿಟ್ಟು, ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಹಿಂದೊಮ್ಮೆ ಸಿಮೆಂಟು ಮೆತ್ತಿಸಿದ್ದರು, ಅದು ಹಪ್ಪಳದ ಹಾಗೆ ಉಬ್ಬಿ ಒಡೆದಿತ್ತು.

"ಇದೊಂದ್ಕೆ ಟೈಲ್ಸ್ ಹಾಕ್ಸ್‌ಬುಡನ ಕಣವ್ವ," ಎಂದ ಪ್ರಸನ್ನ. "ಕೆಂಪು ಬಣ್ಣದ್ದೇ ಸಿಕ್ತದೆ. ನೋಡಿದ್ರೆ ಗಾರೆ ಅಂತ್ಲೇ ಅನ್ಬೇಕು."

"ನೋಡಕ್ಕೆ ಅಂಗಿದ್ರೆ ಆಯ್ತಾ. ನಾನೇನು ನೋಡ್ತಾ ಕೂತ್ಕತೀನಾ ನೆಲವ."

"ಮತ್ತೆ ಏನ್ ಮಾಡ್ತೀಯವ್ವ ನೆಲವ?"

ಅವಳು ಮೂಲೆಯ ಕಂಬದ ಕಡೆ ನೋಡಿದಳು. "ಮನಿಕ್ಕತೀನಿ," ಎಂದಳು.

"ಮಂಚ ಕೊಡ್ಸಿದೀನಲ್ಲ."

"ಆ ಮಂಚದ್ಮೇಲೆ ನೀನೇ ಮನಿಕ್ಕೊ ಓಗ್ಲಾ."

ನಾಗಶ್ರೀ ನಡುವೆ ಬಂದಳು. ಹಳೇ ನೆಲ ಅಗೆದು ಹೊಸದಾಗಿ ಗಾರೆಯನ್ನೇ ಹಾಕಿಸೋಣ, ಆಗದಿದ್ದರೆ ಟೈಲ್ಸು ಎಂದಳು. ಪ್ರಸನ್ನ ಒಪ್ಪಿದ, ಆದರೆ ಬ್ಯಾಂಕಿನವನಲ್ಲವೇ, ಗಡುವಿಲ್ಲದೆ ಒಪ್ಪುತ್ತಾನಾ. ಶಿವರಾತ್ರಿ ಕಳೆಯುವುದರೊಳಗೆ ಕಾಲಿಟ್ಟು ಓಡಾಡುವಷ್ಟು ಗಟ್ಟಿಯಾಗಬೇಕು, ಇಲ್ಲವಾದರೆ ಮಾರನೆಯ ದಿನವೇ ಟೈಲ್ಸಿನ ಗಾಡಿ ಬರುತ್ತದೆ ಎಂದು ಮದ್ದೂರಿನ ಅಂಗಡಿಗೆ ಹೇಳಿಯೂ ಬಂದ.

ಮೇಸ್ತ್ರಿ ಶಿವರಾಮು ಮಳವಳ್ಳಿ ಕಡೆಯವನು. ಅವನ ಅಪ್ಪ ಗಾರೆ ಕೆಲಸದವನು, ಇವನು ಹುಟ್ಟಿದಾಗಿನಿಂದ ಸಿಮೆಂಟಿನವನು. ಅದನ್ನು ಹೇಳಿಕೊಳ್ಳುತ್ತಾನಾ. "ರಕ್ತದಲ್ಲೇ ಅದೆ ಕಣ್ ಬುಡಿ ದೊಡ್ಡವ್ವ," ಎಂದ. ಸುಣ್ಣ ಅರಳಿತು, ಇಟ್ಟಿಗೆ ಪುಡಿಯಾಯಿತು. ಬೆಲ್ಲ ಎಷ್ಟು ಎಂದು ಕೇಳಿದರೆ ಅವನು ಮರಿತಾಯಮ್ಮನ ಮುಖ ನೋಡಿದ. ಅವಳಿಗೆ ಒಂದೇ ಒಂದು ನೆನಪು ಗಟ್ಟಿಯಾಗಿತ್ತು: ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಅಡುಗೆಮನೆಯ ನೆಲ ಹೊಸದಾಗಿ ಹಾಕಿದ್ದ, ಆಗ ಮನೆ ತುಂಬ ಬೆಲ್ಲದ ವಾಸನೆ.

"ಬೆಲ್ಲ ಜಾಸ್ತಿನೇ ಇತ್ತು ಕಣಪ್ಪ," ಎಂದಳು.

ಅಂಗಳದ ಮೂಲೆಯಲ್ಲಿ ನೀಲಿ ಡ್ರಮ್ಮಿಟ್ಟು ಬೆಲ್ಲ ನೆನೆಹಾಕಿದರು. ಇಲ್ಲೇ ನೋಡಿ ನಮ್ಮ ಸೀಮೆಯವರ ಬುದ್ಧಿ. ಬೇರೆ ಕಡೆಯವರಾಗಿದ್ದರೆ ಅಷ್ಟಕ್ಕೇ ನಿಲ್ಲುತ್ತಿತ್ತು. ಇಲ್ಲಿ ಆಲೆಮನೆ ಹೊಗೆಯಾಡುವ ಕಾಲ, ಯಾರ ಕೈಯೂ ಬರಿದಲ್ಲ. ಗಾರೆ ನೋಡಲು ಬಂದವರೆಲ್ಲ ತಮ್ಮ ತಾತನ ಮನೆಯ ನೆಲವನ್ನು ನೆನೆದರು. ಪಕ್ಕದ ಮನೆಯ ಅಂಕಮ್ಮ ಡ್ರಮ್ಮಿನೊಳಗೆ ಇಣುಕಿದಳು.

"ಇದೇನ್ ತಾಯಕ್ಕ, ಪಾನ್ಕ ಮಾಡಿದ್ದೀಯಾ? ನಮ್ ತಾತನ ಕಾಲ್ದಲ್ಲಿ ಕೋಲು ನೆಟ್ರೆ ನಿಂತ್ಕಬೇಕಿತ್ತು, ಅಂಗೆ ಕಲಸೋರು," ಎಂದು ಮಡಿಲಿನಿಂದ ಒಂದು ಅಚ್ಚು ಬೆಲ್ಲ ತೆಗೆದು ಹಾಕಿದಳು.

ಅವಳು ಹೋದ ಮೇಲೆ ಇನ್ನೊಬ್ಬರು. ಬಿಸಿ ಬೆಲ್ಲವನ್ನು ಬಾಳೆಲೆಯಲ್ಲಿ ಸುತ್ತಿ ತಂದವರು, ಸೈಕಲ್ಲಿನಿಂದ ಇಳಿಯದೆಯೇ ಬಾಗಿಲಿನಿಂದ ಕೊಟ್ಟು ಹೋದವರು. ಬೇಡ ಎನ್ನುವುದು ಹೇಗೆ? ಶುಭಕ್ಕೆ ತಂದ ಸಿಹಿಯನ್ನು ಯಾರಾದರೂ ವಾಪಸ್ಸು ಕಳಿಸುತ್ತಾರೆಯೇ. ಶಿವರಾಮುವಿಗೂ ಬೇಡ ಎನ್ನುವಷ್ಟು ಗೊತ್ತಿರಲಿಲ್ಲ. ಕೊನೆಗೆ ಮರಿತಾಯಮ್ಮ ತಾನೂ ಒಂದು ಉಂಡೆ ಕದ್ದು ಹಾಕಿದಳು, ಮಹದೇವಯ್ಯನಿಗೆ ಸಿಹಿ ಎಂದರೆ ಪ್ರಾಣ ಎಂದು.

ಗಾರೆ ಕಲೆಸಿ, ಹರಡಿ, ಮಟ್ಟ ಮಾಡಿದರು. ನೋಡಲು ಚೆಂದವಿತ್ತು. ಆದರೆ ದಿನ ಕಳೆದರೂ ಅದು ಗಟ್ಟಿಯಾಗಲಿಲ್ಲ. ಬೆರಳಿಟ್ಟರೆ ಹಸಿ ಮುದ್ದೆಯ ಹಾಗೆ ಒಳಗೆ ಹೋಗುತ್ತಿತ್ತು. ಬಿಸಿಲೇರಿದರೆ ಬೆವರುತ್ತಿತ್ತು. ಮೊದಲು ಕಟ್ಟಿರುವೆ ಬಂದವು, ಆಮೇಲೆ ಗೊದ್ದ. ಕಂಬದಿಂದ ಕಂಬಕ್ಕೆ ಕಪ್ಪು ದಾರ ಕಟ್ಟಿದ ಹಾಗೆ ಸಾಲು. ಅದರ ಹಿಂದೆ ಜೇನುನೊಣ. ಅಂಗಳದ ಆಕಾಶದಿಂದ ಇಳಿದು ಬಂದು ನೆಲದ ಮೇಲೆ ಗುಂಯ್‌ಗುಡುತ್ತ ಕೂರುತ್ತಿದ್ದವು. ಮನೆಗೆ ಮನೆಯೇ ಆಲೆಮನೆಯ ಕೊಪ್ಪರಿಗೆಯ ಬಾಯಿಯ ಹಾಗೆ ಘಮಘಮ. ಆ ವಾಸನೆಗೆ ಎಲ್ಲರಿಗೂ ಒಂದು ಥರ ಮಂಪರು. ನಾಗಶ್ರೀ ಪೇಪರು ತಿದ್ದುತ್ತ ತೂಕಡಿಸುವಳು. ಶಿವರಾಮು ಕರಣೆ ಹಿಡಿದುಕೊಂಡೇ ನಿದ್ದೆ ಹೋದ. ಬೀದಿಯ ನಾಯಿ ತಗ್ಗು ಬಾಗಿಲಲ್ಲಿ ಬಂದು ಮಲಗಿದ್ದು ಏಳಲೇ ಇಲ್ಲ.

ಮರಿತಾಯಮ್ಮ ಒಬ್ಬಳಿಗೆ ನಿದ್ದೆಯಿಲ್ಲ. ಮಲಗುವ ಜಾಗವೇ ಇರಲಿಲ್ಲ. ಎದುರು ಪಡಸಾಲೆಯಲ್ಲಿ ಕೂತು ಆ ಒದ್ದೆ ನೆಲವನ್ನು ನೋಡುತ್ತಿದ್ದಳು. ಅವನು ಬಂದರೆ ಎಲ್ಲಿ ಕೂರುತ್ತಾನೆ, ಪಂಚೆಗೆಲ್ಲ ಅಂಟಿಕೊಳ್ಳುತ್ತದೆ ಎಂದು ಒಂದು ಗಳಿಗೆ ಯೋಚನೆ. ಇನ್ನು ಬರುವುದೇ ಇಲ್ಲವೇನೋ ಎಂದು ಇನ್ನೊಂದು ಗಳಿಗೆ.

ಶಿವರಾತ್ರಿ ಬಂತು. ಬೆಳಿಗ್ಗೆ ಪ್ರಸನ್ನ ನೆಲದ ಮೇಲೆ ಹೆಬ್ಬೆರಳು ಒತ್ತಿದ, ಕುಳಿ ಬಿತ್ತು. ಬೆರಳು ಒರೆಸಿಕೊಂಡ. ಫೋನು ತೆಗೆದ.

"ಅಂಗಡಿಯೋರ್ಗಾ?" ಎಂದಳು ಅವ್ವ.

"ಊಂ. ನಾಳಿಕ್ ಬಾ ಅಂತೀನಿ. ನೋಡವ್ವ, ನಾವ್ ಮಾಡೋದೆಲ್ಲ ಮಾಡುದ್ವಿ."

ಆಗ ಅವಳು ಹೇಳಿಬಿಟ್ಟಳು. ಅವನ ಮುಖ ನೋಡದೆ, ಅಂಗಳದ ಬಿಸಿಲಿಗೆ ಹೇಳುವ ಹಾಗೆ ಹೇಳಿದಳು. "ನಿಮ್ಮಪ್ಪ ಅಲ್ಗೆ ಬತ್ತಾನೆ ಕಣ್ಲಾ. ಆ ಕಂಬದ್ ತಾವ್ಕೆ. ಬ್ಯಾರೆ ಎಲ್ಲೂ ಬರಕ್ಕಿಲ್ಲ. ಟೈಲ್ಸ್ ಮ್ಯಾಕೆ ಬರಾಕಿಲ್ಲ ಅಂತ ನಿಮ್ಮಕ್ಕನ ಮನೇಲಿ ನೋಡಿವ್ನಿ."

ಪ್ರಸನ್ನ ಫೋನು ಕೆಳಗಿಟ್ಟ. ಒಂದು ಜೇನುನೊಣ ಅವರಿಬ್ಬರ ನಡುವೆ ಸುತ್ತಿ ಹೋಯಿತು.

"ಮೊದ್ಲೇ ಯೋಳ್ಬಾರ್ದಾಗಿತ್ತಾ?"

"ಯೋಳಿದ್ರೆ ಮಂಡ್ಯದ್ ಡಾಕ್ಟ್ರ ತಾವ್ಕೆ ಕರ್ಕೊಂಡೋಯ್ತಿದ್ದೆ."

ಅವನಿಗೆ ನಗು ಬಂತು, ತಡೆದುಕೊಂಡ. "ಅಪ್ಪ ಬತ್ತಾನೆ ಅಂತ ಕೆಸರಲ್ ಮನಿಕ್ಕಳಕ್ಕಾದದಾ ಅವ್ವ? ನೆಲ ಗಟ್ಟಿ ಆಗ್ಬೇಕಲ್ಲ," ಎಂದ. ಮಾತು ಒರಟೇನಲ್ಲ. ಆದರೆ ನಿಜ. ಹಾಗೆಂದವನು ಅಂಗಡಿಯವರಿಗೆ ಫೋನು ಮಾಡಿಯೇ ಬಿಟ್ಟ.

ಆ ಮಧ್ಯಾಹ್ನ ಅವಳು ಅಂಗಳದ ಅಂಚಿನ ಕಲ್ಲಿನ ಮೇಲೆ ತಲೆ ಕೊಟ್ಟು ಹಾಗೇ ಒರಗಿದಳು. ಬೆಲ್ಲದ ಗಾಳಿ, ನೊಣಗಳ ಗುಂಯ್, ಹೆಂಚಿನ ಸಂದಿಯಿಂದ ಇಳಿಯುತ್ತಿದ್ದ ಬೆಳಕಿನ ಕೋಲು. ಕಣ್ಣು ಮುಚ್ಚಿತೋ ಇಲ್ಲವೋ, ಧಪ್ ಧಪ್ ಎಂದು ಒಂದು ಸದ್ದು. ನೆಲದ ಕೆಳಗಿನಿಂದ ಬಂದ ಹಾಗೆ. ನೋಡುತ್ತಾಳೆ, ಹೊಸ ಮದುಮಗಳು ತಾನು, ಕೈಯಲ್ಲಿ ಹಸಿರು ಬಳೆ. ಅಡುಗೆಮನೆಯಲ್ಲಿ ಹೆಂಗಸರು ಸಾಲಾಗಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಎಲ್ಲರ ಕೈಯಲ್ಲೂ ಮರದ ಕೊಡತಿ. ಸಾಲು ಒಟ್ಟಿಗೆ ಎತ್ತಿ ಒಟ್ಟಿಗೆ ಬಡಿಯುತ್ತ ಹಿಂದೆ ಹಿಂದೆ ಸರಿಯುತ್ತಿದೆ. ಮಾವ ಬಾಗಿಲಲ್ಲಿ ನಿಂತು ತಾಳ ಹೇಳುತ್ತಿದ್ದಾನೆ. ಅಷ್ಟರಲ್ಲಿ ಮಹದೇವಯ್ಯ, ಇನ್ನೂ ಅವಳೊಡನೆ ಒಂದು ಮಾತೂ ಆಡಿರದ ಗಂಡ, ಕೈ ಹಿಂದೆ ಕಟ್ಟಿಕೊಂಡು ಬಂದು ಅವಳ ಅಂಗೈಗೆ ಒಂದು ಚೂರು ಬೆಲ್ಲ ತುರುಕಿದ. ಗಾರೆಗೆಂದು ಇಟ್ಟಿದ್ದರಲ್ಲಿ ಕದ್ದದ್ದು. ಬಾಯಿಗೆ ಹಾಕಿಕೊಂಡಳು. ಮೂಲೆಯಲ್ಲಿ ಸುಣ್ಣ ಅಂಟಿತ್ತು, ನಾಲಿಗೆ ಚುರ್ ಎಂದಿತು. ಉಗುಳಲು ನಾಚಿಕೆ, ನುಂಗಿದಳು. ಅವನು ನಕ್ಕು, "ಬಡಿಯಮ್ಮಿ, ಸುಮ್ಕೆ ಯಾಕ್ ಕೂತಿದ್ದೀಯ," ಎಂದ. ಅವನು ಆಡಿದ ಮೊದಲ ಮಾತು ಅದು.

ಎಚ್ಚರವಾಯಿತು. ಸದ್ದು ಮಾತ್ರ ನಿಂತಿರಲಿಲ್ಲ. ಪಕ್ಕದ ಅಂಗಳದಲ್ಲಿ ಅಂಕಮ್ಮ ಒಣಗಿದ ಹುರುಳಿ ಗಿಡ ಬಡಿಯುತ್ತಿದ್ದಳು.

ಮರಿತಾಯಮ್ಮ ಎದ್ದು ಕೂತಳು. ಇಷ್ಟು ವರ್ಷ ನಾಲಿಗೆಯ ಮೇಲಿನ ಬೆಲ್ಲ ನೆನಪಿತ್ತು, ಕೈಯಲ್ಲಿದ್ದ ಕೊಡತಿ ಮರೆತಿತ್ತು. ಅವಳಿಗೊಬ್ಬಳಿಗೇನು, ಡ್ರಮ್ಮಿಗೆ ಬೆಲ್ಲ ಹಾಕಿ ಹೋದ ಇಡೀ ಬೀದಿಗೆ ಸಿಹಿಯೊಂದೇ ನೆನಪು. ಗಾರೆಯನ್ನು ಹರಡಿ ಬಿಟ್ಟರೆ ಸಾಲದು, ಬಡಿಯಬೇಕು, ಒಳಗಿನ ನೀರು ಮೇಲೆ ಬರುವ ತನಕ ಬಡಿಯಬೇಕು. ಅಷ್ಟು ಜನರಲ್ಲಿ ಒಬ್ಬರ ಬಾಯಲ್ಲೂ ಅದು ಬಂದಿರಲಿಲ್ಲ.

"ಅಂಕಿ," ಎಂದು ಗೋಡೆಯ ಮೇಲಿಂದ ಕೂಗಿದಳು. "ಹುರುಳಿ ಬುಟ್ಟು ಬಾ ಇಲ್ಲಿ. ಗಾರೆ ಬಡೀಬೇಕಿತ್ತು ಕಣೇ."

ಅಂಕಮ್ಮ ಕೋಲು ಹಿಡಿದುಕೊಂಡೇ ಬಂದಳು. ಬಗ್ಗದೆ ಬಂದು ಬಾಗಿಲಿಗೆ ತಲೆ ಹೊಡೆದುಕೊಂಡಳು. ನೆಲ ನೋಡಿದಳು, ತನ್ನ ಕೋಲು ನೋಡಿದಳು. "ಥೂ ನನ್ ಬಾಯ್ಗಿಷ್ಟು," ಎಂದಳು. "ನಮ್ಮವ್ವ ಸೊಂಟ ನೋವು ಅಂತ ಸಾಯೋಗಂಟ ನರಳ್ತಿದ್ದದ್ದು ಇದುನ್ನ ಬಡ್ದು ಬಡ್ದೇ ಕಣಕ್ಕ."

ಅಂಕಮ್ಮನ ಬಾಯಿ ನಿಮಗೆ ಗೊತ್ತಲ್ಲ. ಬೀದಿಯ ತುದಿಗೆ ಹೋಗಿ ನಿಂತಳು. "ತಾಯಕ್ಕನ ನೆಲ್ಕೆ ಬೆಲ್ಲ ಹಾಕ್ದೋರೆಲ್ಲ ಬಂದು ಬಡ್ಕೊಟ್ ಓಗಿ. ಹಾಕ್ಲಿಲ್ಲ ಅಂತ ಯಾರೂ ಅನ್ಬ್ಯಾಡಿ, ಹಾಕ್ದಾಗ ಊರ್ಗೆಲ್ಲ ಯೋಳ್ಕೊಂಡ್ ಬಂದಿದ್ದೀರಿ."

ಬಂದರು. ಬಾರದೆ ಏನು ಮಾಡುತ್ತಾರೆ. ಅಟ್ಟದ ಮೇಲೆ ಮಾವನ ಕಾಲದ ಕೊಡತಿಗಳು ಸಿಕ್ಕವು. ಇನ್ನೊಂದು ಕೊಟ್ಟಿಗೆಯ ಬಾಗಿಲು ಮುಚ್ಚದಂತೆ ಒತ್ತಾಗಿ ಕೂತಿತ್ತು. ಕೊಡತಿ ಸಿಗದವರು ಬಟ್ಟೆ ಕುಕ್ಕುವ ಕೋಲು ತಂದರು. ಶಿವರಾಮು ಹಲಗೆ ಸೀಳಿ ಹಿಡಿ ಮಾಡಿಕೊಟ್ಟ. ಸಾಲು ಕೂತಿತು. ಮೊದಲು ಒಬ್ಬೊಬ್ಬರದು ಒಂದೊಂದು ತಾಳ, ಬೈಗುಳ, ನಗು. ನಡುವೆ ಯಾವಾಗಲೋ ಎಲ್ಲ ಸೇರಿ ಒಂದೇ ಸದ್ದಾಯಿತು. ಅಂಗಳದ ಮೇಲಿನ ಆಕಾಶವೂ ಆ ಸದ್ದಿಗೆ ಸ್ವಲ್ಪ ಕೆಳಗಿಳಿದು ಮತ್ತೆ ಮೇಲೇರುತ್ತಿದೆ ಎನ್ನಿಸಿತಂತೆ ಮರಿತಾಯಮ್ಮನಿಗೆ. ಬಡಿದಂತೆಲ್ಲ ನೆಲದೊಳಗಿನ ಬೆಲ್ಲದ ನೀರು ಮೇಲೆ ಬಂತು, ಕಂದು ಕಂದಾಗಿ. ನಾಗಶ್ರೀ ಹಳೇ ಸೀರೆಯಿಂದ ಒರೆಸಿ ಹಿಂಡಿದಳು. ಮೇಲೆ ಒಣ ಸುಣ್ಣ, ಇಟ್ಟಿಗೆ ಪುಡಿ ಚಿಮುಕಿಸಿದರು, ಮತ್ತೆ ಬಡಿದರು. ಪ್ರಸನ್ನ ಪ್ಯಾಂಟು ಮಡಿಚಿ ಸಾಲಿನ ಕೊನೆಯಲ್ಲಿ ಕೂತ.

"ಬ್ಯಾಂಕ್ನೋರೇ, ಮೆತ್ಗೆ. ನೆಲ ಸಾಲ ಈಸ್ಕೊಂಡಿಲ್ಲ ನಿಮ್ತಾವ," ಎಂದಳು ಅಂಕಮ್ಮ.

ಮಾರನೆಯ ದಿನ ಟೈಲ್ಸಿನ ಗಾಡಿ ಬಂದಾಗಲೂ ಬಡಿಯುತ್ತಲೇ ಇದ್ದರು. ಪ್ರಸನ್ನ ಒಂದು ಬೆರಳೊತ್ತಿ ನೋಡಿದ. ಕುಳಿ ಬೀಳಲಿಲ್ಲ. ಗುರುತು ಮಾತ್ರ ಬಿತ್ತು. ಅವನು ಎದ್ದು ಹೋಗಿ, ಟೈಲ್ಸನ್ನು ಬಚ್ಚಲಿನ ಕಡೆ ಇಳಿಸಲು ಹೇಳಿದ. ಗಾಡಿಯವನು ಬೆಲ್ಲದ ಗಾಳಿಗೆ ಹಜಾರದಲ್ಲೇ ಒಂದು ನಿದ್ದೆ ಮಾಡಿ ಹೋದ.

ಆಮೇಲೆ ಹೊಳೆಯ ನುಣುಪುಗಲ್ಲಿನಿಂದ ಉಜ್ಜಿದ್ದು, ಕೆಮ್ಮಣ್ಣು ಹಿಡಿಸಿದ್ದು, ಎಣ್ಣೆ ಸವರಿದ್ದು ಎಲ್ಲ ಆಯಿತು. ಇರುವೆಗಳು ಎತ್ತ ಹೋದವೋ ಹೋದವು. ನೆಲ ಗಟ್ಟಿಯಾಯಿತು, ತಂಪಾಯಿತು. ಮರಿತಾಯಮ್ಮ ಮುದ್ದೆ ಉಂಡು ಹೋಗಿ ಮಲಗಿದಳು.

ಅವನು ಬರಲಿಲ್ಲ.

ಮರುದಿನವೂ ಇಲ್ಲ. ಬೇಸಗೆ ಏರಿತು, ನಾಲೆಯ ನೀರು ನಿಂತಿತು. ದಿನಾ ಮಲಗಿ ಎದ್ದಳು. ಗೊತ್ತಿಲ್ಲದ ನೆಲ, ಹೆಜ್ಜೆ ಇಡಲು ಅನುಮಾನಿಸುತ್ತಿದ್ದಾನೆ ಎಂದುಕೊಂಡಳು. ಇಷ್ಟು ಜನ ಸೇರಿ ಬಡಿದ ಮೇಲೆ ಬರಲಿಲ್ಲ ಎಂದು ಯಾರೆದುರು ಹೇಳುವುದು. ಕೇಳಿದವರಿಗೆಲ್ಲ ಚೆನ್ನಾಗದೆ ಎಂದಳು. ಪ್ರಸನ್ನ ಕೇಳಲಿಲ್ಲ, ನೋಡುತ್ತಿದ್ದ ಅಷ್ಟೇ.

ಒಂದು ಭಾನುವಾರ ಅವಳು ಹಿತ್ತಲಿನಲ್ಲಿ ಪಾತ್ರೆ ಬೆಳಗಿ ಬಂದಾಗ ಅವಳ ಜಾಗದಲ್ಲಿ ಪ್ರಸನ್ನ ಮಲಗಿದ್ದ. ಉಂಡು ಒರಗಿದವನಿಗೆ ಹಾಗೇ ನಿದ್ದೆ ಹತ್ತಿತ್ತು. ಬಾಯಿ ಅರ್ಧ ತೆರೆದಿತ್ತು. ಬಲಗೈ ಮುಷ್ಟಿ ಕಟ್ಟಿತ್ತು, ಒಳಗೇನೋ ಇಟ್ಟುಕೊಂಡವನ ಹಾಗೆ. ಅವಳು ಎಬ್ಬಿಸದೆ ಎದುರು ಕೂತಳು. ಬಿಸಿಲು ಕಂಬದ ಬುಡದಿಂದ ಅವನ ಪಾದಕ್ಕೆ ಸರಿಯಿತು. ಅವನು ಮುಖ ಕಿವುಚಿ ಎದ್ದು ಕೂತ.

"ಅವ್ವ, ಒಂಚೂರು ನೀರು ಕೊಡು. ನಾಲ್ಗೆ ಚುರುಚುರು ಅಂತದೆ."

"ಯಾಕ್ಲಾ?"

"ಅಪ್ಪ ಬೆಲ್ಲ ಕೊಟ್ಟ. ಸುಣ್ಣ ಅಂಟ್ಕೊಂಡಿತ್ತು ಅದ್ಕೆ."

ಮರಿತಾಯಮ್ಮ ಚೊಂಬು ಕೊಟ್ಟಳು. ಆ ಬೆಲ್ಲದ ಮಾತನ್ನು ಅವಳು ಅಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ. ಬಡಿಯುವುದು ನೆನಪಾಯಿತು ಎಂದಷ್ಟೇ ಎಲ್ಲರಿಗೂ ಹೇಳಿದ್ದು. ಅವನು ಕುಡಿದು ಮುಗಿಸುವ ತನಕ ಕಾದಳು.

"ಏನಂದ?"

"ಅದ್ಯಾವ್ದೋ ಕಂದು ಹಸ ಕೇಳ್ದ. ಆಮ್ಯಾಕೆ ಬೈದ."

"ಯಾಕ್ ಬೈದ?"

"ನಿಮ್ಮವ್ವನ್ ಜಾಗ್ದಲ್ಲಿ ನೀನ್ಯಾಕ್ಲಾ ಮನಿಕ್ಕಂಡಿದ್ದೀಯ, ಎದ್ದೋಗು ಅಂದ."

ಮರಿತಾಯಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "ಮತ್ತೆ ಎದ್ದೋಗು," ಎಂದಳು. ಅವನು ಎದ್ದ. ಅವನ ಬೆನ್ನಿನ ಬಿಸಿ ಇನ್ನೂ ಇದ್ದ ನೆಲದ ಮೇಲೆ ಅವಳು ಮಗ್ಗುಲಾದಳು, ಕಂಬದ ಕಡೆ ಮುಖ ಮಾಡಿ, ಒಬ್ಬರು ಕೂರುವಷ್ಟು ಜಾಗ ಬಿಟ್ಟು.

ಇಷ್ಟು. ಹಳೇ ಮನೆ ಇಟ್ಟುಕೊಂಡು ಏನು ಮಾಡುವುದೋ ಎಂದು ತಲೆ ಕೆರೆದುಕೊಳ್ಳುತ್ತಿರುವವರು ನಿಮ್ಮಲ್ಲೂ ಇದ್ದೀರಿ, ನಿಮ್ಮ ನೆಂಟರಲ್ಲೂ ಇದ್ದಾರೆ. ಅವರಿಗೆ ಇದನ್ನು ಕಳಿಸಿ. ಓದಲು ಬಾರದ ಅಜ್ಜಿಯರಿದ್ದರೆ ಫೋನನ್ನು ಕಿವಿಯ ಹತ್ತಿರ ಹಿಡಿಯಿರಿ. ಬಾಯಿಂದ ಹೇಳುವವರು ಬೆಲ್ಲದ ಲೆಕ್ಕವನ್ನು ಹೆಚ್ಚು ಕಡಿಮೆ ಮಾಡಿದರೂ ನಾನೇನೂ ಅನ್ನುವುದಿಲ್ಲ. ಬಡಿದದ್ದನ್ನು ಮಾತ್ರ ಬಿಟ್ಟುಬಿಡಬೇಡಿ.